ಬಸವನಗುಡಿಯೂ ಮಲ್ಲೇಶ್ವರವೂ

೧

ಹುಟ್ಟಿದ ಊರನ್ನು ಬಿಟ್ಟು ಬೇರೊಂದೆಡೆ ಮನೆ ಹೂಡುವುದು ಕನ್ನಡನಾಡಿನ ಜನರಿಗೆ ಎಂದೂ ಸುಲಭವಾದ ಕಾರ್ಯವಾಗಿರಲಿಲ್ಲ. ಮನೆದೇವರ ಗುಡಿ, ಹಿರಿಯರು ತೋಡಿಸಿದ ಬಾವಿ, ಹೊಲದ ಬದು, ನೆಂಟರಿಷ್ಟರ ಜಗುಲಿ, ಇವೆಲ್ಲವೂ ಗೃಹಸ್ಥನನ್ನು ಊರಿಗೆ ಬಿಗಿದಿರುವ ಹಗ್ಗಗಳು. ಅವುಗಳನ್ನು ಕಡಿದುಕೊಂಡು ಹೊರಡಬೇಕಾದರೆ ಬರಗಾಲವೋ ರೋಗವೋ ದಂಡಿನ ಹಾವಳಿಯೋ ಜೀವನೋಪಾಯದ ಅವಶ್ಯಕತೆಯೋ ಹಿಂದಿನಿಂದ ಬಲವಾಗಿ ನೂಕಬೇಕು. ಹೀಗೆ ಹೊರಟವನಿಗೆ ಒಡನೆಯೇ ಎರಡನೆಯ ಪ್ರಶ್ನೆಯೊಂದು ಎದುರಾಗುತ್ತದೆ: ಹೋಗುವುದು ಎಲ್ಲಿಗೆ? ನೂಕುವ ಕಾರಣವು ಒಂದೇ ಆಗಿದ್ದರೂ ಕರೆಯುವ ಸ್ಥಳಗಳು ಹಲವು. ಅವುಗಳ ನೀರು, ನೆಲ, ದಾರಿ, ನೆರೆಹೊರೆಗಳನ್ನು ಅಕ್ಕಪಕ್ಕದಲ್ಲಿಟ್ಟು ತೂಗಿ ನೋಡುವುದು ವಿವೇಕಿಯ ಲಕ್ಷಣ.

ಬೆಂಗಳೂರು ಸೀಮೆಯಲ್ಲಿ ಸಾಮಾನ್ಯ ಗೃಹಸ್ಥರು ಇಂತಹ ತೂಕವನ್ನು ದೊಡ್ಡ ಪ್ರಮಾಣದಲ್ಲಿ ಮಾಡಬೇಕಾಗಿ ಬಂದುದು ಕ್ರಿ. ಶ. ೧೮೯೮ರಲ್ಲಿ ಪ್ಲೇಗಿನ ಮಹಾಮಾರಿಯು ಕಾಲಿಟ್ಟ ಮೇಲೆ. ಆಗ ಹಳೆಯ ಪೇಟೆಯ ಒಂದು ಕಡೆಗೆ ಬಸವನಗುಡಿಯೂ ಇನ್ನೊಂದು ಕಡೆಗೆ ಮಲ್ಲೇಶ್ವರವೂ ಮನೆ ಕಟ್ಟುವವರಿಗೆ ತೆರೆದುವು. ಈ ಎರಡು ಬಡಾವಣೆಗಳ ಚರಿತ್ರೆಯನ್ನು ನಗರದೊಳಗಿನ ಕಣ್ಣಿನಿಂದ ಬರೆದವರು ಅನೇಕರಿದ್ದಾರೆ. ಆದರೆ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಜನರಿಗೂ ಈ ಚರಿತ್ರೆಯು ಅಷ್ಟೇ ಹತ್ತಿರದ್ದು. ಅದರಲ್ಲಿಯೂ ತ್ಯಾಮಗೊಂಡ್ಲಿನಂತಹ ವ್ಯಾಪಾರದ ಊರಿನಿಂದ ನೋಡಿದಾಗ, ನಗರದವರ ಕಣ್ಣಿಗೆ ಬೀಳದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ.

೨

ತ್ಯಾಮಗೊಂಡ್ಲು ನೆಲಮಂಗಲ ತಾಲ್ಲೂಕಿನ ಒಂದು ಹೋಬಳಿಯ ಮುಖ್ಯಸ್ಥಳ. ತಾಲ್ಲೂಕಿನ ಕಸಬೆಗೆ ವಾಯವ್ಯದಲ್ಲಿ ಸುಮಾರು ೧೦ ಮೈಲಿ, ಬೆಂಗಳೂರಿಗೆ ಸುಮಾರು ೩೦ ಮೈಲಿ ದೂರದಲ್ಲಿದೆ. ಹಿಂದಿನ ಕಾಲದಲ್ಲಿ ಇದು ಧಾನ್ಯದ ವ್ಯಾಪಾರಕ್ಕೆ ಹೆಸರಾದ ಪೇಟೆ. ಸುತ್ತಲಿನ ಹಳ್ಳಿಗಳ ರಾಗಿ, ಭತ್ತ, ಹುರುಳಿ, ಅವರೆ ಮೊದಲಾದವು ಗಾಡಿಗಳ ಮೇಲೆ ಇಲ್ಲಿಗೆ ಬಂದು, ದಲ್ಲಾಳಿಗಳ ಕೈಯಿಂದ ಸಗಟು ವರ್ತಕರ ಕೈ ಸೇರಿ, ಮುಂದಕ್ಕೆ ಸಾಗುತ್ತಿದ್ದುವು. ೧೮೮೪ರಲ್ಲಿ ಬೆಂಗಳೂರಿನಿಂದ ತುಮಕೂರಿನ ಕಡೆಗೆ ರೈಲುದಾರಿಯು ನೆಲಮಂಗಲ ತಾಲ್ಲೂಕನ್ನು ಹಾದುಹೋಯಿತು. ರೈಲು ಬಂದ ಕಡೆ ಸರಕು ನಿಲ್ಲುವ ಅಗತ್ಯವು ಕಡಮೆಯಾಗುತ್ತದೆ. ಎತ್ತಿನ ಗಾಡಿಗೆ ರಾತ್ರಿ ತಂಗಲು ಒಂದು ಪೇಟೆ ಬೇಕು, ಉಗಿಬಂಡಿಗೆ ಬೇಡ. ನಡುದಾರಿಯ ಪೇಟೆಗಳ ವರ್ತಕರು ತಮ್ಮ ಮಕ್ಕಳಲ್ಲಿ ಒಬ್ಬನನ್ನಾದರೂ ಬೆಂಗಳೂರಿನ ತರಗುಪೇಟೆ ಅಕ್ಕಿಪೇಟೆಗಳ ಕಡೆಗೆ ಕಳುಹಿಸಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕಾಗಿರಲಿಲ್ಲ.

ಆ ಕಾಲದ ಬೆಂಗಳೂರು ಒಂದೇ ಊರಾಗಿರಲಿಲ್ಲ. ಕೆಂಪೇಗೌಡನು ೧೫೩೭ರಲ್ಲಿ ಕಟ್ಟಿಸಿದನೆಂದು ಪ್ರಸಿದ್ಧವಾದ ಹಳೆಯ ಪೇಟೆ ಒಂದು. ೧೮೦೯ರಲ್ಲಿ ಹಲಸೂರಿನ ಕಡೆ ಸ್ಥಾಪಿತವಾದ ಇಂಗ್ಲಿಷರ ದಂಡು ಇನ್ನೊಂದು. ೧೮೬೨ರಲ್ಲಿ ಎರಡಕ್ಕೂ ಬೇರೆಬೇರೆ ಪುರಸಭೆಗಳಾದುವು. ೧೮೮೧ರಲ್ಲಿ ರಾಜ್ಯವು ಮೈಸೂರು ಅರಸರಿಗೆ ಹಿಂದಿರುಗಿದ ಮೇಲೆಯೂ ದಂಡು ಬ್ರಿಟಿಷ್ ರೆಸಿಡೆಂಟರ ಅಧಿಕಾರದಲ್ಲಿಯೇ ಉಳಿಯಿತು. ಹಳ್ಳಿಯಿಂದ ಬಂದ ಕನ್ನಡದ ವರ್ತಕನಿಗೆ ಬೆಂಗಳೂರೆಂದರೆ ಪೇಟೆಯೇ. ದೊಡ್ಡಪೇಟೆ, ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆ, ನಗರ್ತಪೇಟೆ, ಗಾಣಿಗರಪೇಟೆ ಎಂದು ಕಸುಬಿಗೊಂದು ಕುಲಕ್ಕೊಂದು ಬೀದಿಯಿದ್ದ ಆ ಊರಿನಲ್ಲಿ ಎಲ್ಲಿ ಮನೆ ಮಾಡಬೇಕೆಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಧಾನ್ಯದವನು ಧಾನ್ಯದ ಬೀದಿಗೆ, ಎಣ್ಣೆಯವನು ಗಾಣದ ಬೀದಿಗೆ. ಮುಂದೆ ಅಂಗಡಿ, ಹಿಂದೆ ಉಗ್ರಾಣ, ಅದರ ಹಿಂದೆ ಅಥವಾ ಮೇಲೆ ಸಂಸಾರ. ಅಂಗಡಿಯ ಬಾಗಿಲನ್ನು ಹಾಕಿದರೆ ಮನೆಯ ಬಾಗಿಲನ್ನು ಹಾಕಿದಂತೆಯೇ.

೩

೧೮೯೮ರ ಆಗಸ್ಟ್ ತಿಂಗಳಿನಲ್ಲಿ ಪ್ಲೇಗು ಬೆಂಗಳೂರಿನಲ್ಲಿ ಕಾಣಿಸಿಕೊಂಡಿತು. ಬೊಂಬಾಯಿಯಲ್ಲಿ ೧೮೯೬ರಲ್ಲಿ ಆರಂಭವಾದ ರೋಗವು ಹುಬ್ಬಳ್ಳಿಯ ಕಡೆಯಿಂದ ರೈಲುದಾರಿಯನ್ನು ಹಿಡಿದು ಬಂದಿತು. ಜನರು ಆ ದಾರಿಯನ್ನೇ ಹಿಡಿದು ಊರು ಬಿಟ್ಟರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರವು ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರನ್ನಾಗಿ ನೇಮಿಸಿತು. ರೋಗವಿದ್ದ ಮನೆಗಳನ್ನು ಖಾಲಿ ಮಾಡಿಸುವುದು, ಮಾಡಿನ ಹೆಂಚು ತೆಗೆಸಿ ಬಿಸಿಲು ಬಿಡಿಸುವುದು, ರೋಗಿಗಳನ್ನು ಬೇರೆಯಿರಿಸುವುದು, ರೈಲುನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಪರೀಕ್ಷಿಸುವುದು, ಇವೆಲ್ಲ ಜನರಿಗೆ ರೋಗಕ್ಕಿಂತಲೂ ಭಯಂಕರವಾಗಿ ತೋರಿದುವು. ಹಳ್ಳಿಗಳಲ್ಲಿಯಾದರೋ ಜನರು ತಾವಾಗಿಯೇ ಒಂದು ಉಪಾಯವನ್ನು ಕಂಡುಕೊಂಡರು. ಇಲಿ ಬಿದ್ದ ಸುದ್ದಿ ಕೇಳಿದೊಡನೆ ಊರನ್ನೇ ಬಿಟ್ಟು ಹೊಲಗಳಲ್ಲಿಯೂ ತೋಪುಗಳಲ್ಲಿಯೂ ಗುಡಿಸಲು ಹಾಕಿಕೊಂಡು, ರೋಗ ಇಳಿದ ಮೇಲೆ ಹಿಂದಿರುಗುತ್ತಿದ್ದರು. ಹಳೆಯ ಮೈಸೂರು ಸೀಮೆಯ ಮುದುಕರ ಬಾಯಲ್ಲಿ ಮುಂದೆ ಎರಡು ತಲೆಮಾರಿನವರೆಗೂ ಕಾಲಗಣನೆಯು ಇದರಿಂದಲೇ ನಡೆಯುತ್ತಿತ್ತು. ಮಗು ಹುಟ್ಟಿದುದು ಯಾವಾಗ ಎಂದರೆ, ಊರು ಬಿಟ್ಟ ವರ್ಷ ಎಂಬ ಉತ್ತರ ಬರುತ್ತಿತ್ತು.

ಪ್ಲೇಗಿನ ಪೆಟ್ಟು ಎಷ್ಟೆಂಬುದನ್ನು ಜನಗಣತಿಯ ಅಂಕಿಗಳು ತಿಳಿಸುತ್ತವೆ. ದಂಡನ್ನು ಬಿಟ್ಟು ಬೆಂಗಳೂರು ನಗರವೊಂದರ ಜನಸಂಖ್ಯೆಯು ೧೮೯೧ರಲ್ಲಿ ೮೦,೨೮೫ ಇದ್ದುದು ೧೯೦೧ರಲ್ಲಿ ೬೯,೪೪೭ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಊರು ೧೦,೮೩೮ ಜನರಷ್ಟು ಕುಗ್ಗಿತು. ಇವರೆಲ್ಲರೂ ಸತ್ತವರಲ್ಲ. ಬಿಟ್ಟುಹೋಗಿ ಹಿಂದಿರುಗದವರೂ ಈ ಲೆಕ್ಕದಲ್ಲಿ ಸೇರಿದ್ದಾರೆ. ಆದರೆ ೧೯೧೧ರಲ್ಲಿ ಸಂಖ್ಯೆಯು ೮೮,೬೫೧ಕ್ಕೂ, ೧೯೨೧ರಲ್ಲಿ ೧,೧೮,೫೫೬ಕ್ಕೂ ಏರಿತು. ಹಿಂದಿರುಗಿದವರೂ ಹೊಸದಾಗಿ ಬಂದವರೂ ಎಲ್ಲರೂ ಹಳೆಯ ಬೀದಿಗಳಿಗೇ ಬರಲಿಲ್ಲವೆಂಬುದೇ ಮುಖ್ಯವಾದ ಮಾತು.

ಅದುವರೆಗೆ ಹೊಸ ಬಡಾವಣೆಗಳು ಇರಲಿಲ್ಲವೆಂದಲ್ಲ. ಚಾಮರಾಜೇಂದ್ರ ಒಡೆಯರ ಹೆಸರಿನ ಚಾಮರಾಜಪೇಟೆಯು ೧೮೯೨ರಲ್ಲಿಯೇ ಕೋಟೆಯ ಪಶ್ಚಿಮಕ್ಕೆ ಅಳೆದು ಹಾಕಲ್ಪಟ್ಟಿತ್ತು. ದಿವಾನರ ಹೆಸರಿನ ಶೇಷಾದ್ರಿಪುರವೂ ಅದೇ ಕಾಲದ್ದು. ಆದರೆ ಆಗ ಮನೆ ಕಟ್ಟಲು ಜನರಿಗೆ ಇದ್ದುದು ಅನುಕೂಲದ ಆಸೆ. ಪ್ಲೇಗಿನ ಅನಂತರ ಇದ್ದುದು ಪ್ರಾಣದ ಆಸೆ. ಬಸವನಗುಡಿ, ಮಲ್ಲೇಶ್ವರಗಳು ಮನೆಗಳಿಂದ ತುಂಬಿದುದು ಈ ಎರಡನೆಯ ಆಸೆಯಿಂದ.

೪

ಎರಡು ಬಡಾವಣೆಗಳಿಗೂ ಹೆಸರು ಬಂದುದು ದೇವಾಲಯಗಳಿಂದ. ಬಸವನಗುಡಿಯು ಸುಂಕೇನಹಳ್ಳಿಯ ಬಳಿಯ ದೊಡ್ಡ ಬಸವಣ್ಣನ ಗುಡಿಯಿಂದ ಹೆಸರನ್ನು ಪಡೆಯಿತು. ಕಾರ್ತಿಕದ ಕಡೆಯ ಸೋಮವಾರ ಅಲ್ಲಿ ನಡೆಯುವ ಕಡಲೆಕಾಯಿ ಪರಿಷೆಯು ಬಡಾವಣೆಗಿಂತ ಬಹಳ ಹಳೆಯದು. ಸುತ್ತಲಿನ ಒಕ್ಕಲಿಗರು ಹೊಸ ಬೆಳೆಯನ್ನು ಬಸವಣ್ಣನಿಗೆ ಒಪ್ಪಿಸುವ ಪರಿಷೆ ಅದು. ಮಲ್ಲೇಶ್ವರಕ್ಕೆ ಹೆಸರು ಕೊಟ್ಟುದು ಕಾಡು ಮಲ್ಲೇಶ್ವರನ ಗುಡಿ. ಶಿವಾಜಿಯ ತಮ್ಮನಾದ ಏಕೋಜಿಯು ಮಲ್ಲಪುರದ ಈ ದೇವರಿಗೆ ಮೇದರನಿಂಗನಹಳ್ಳಿಯನ್ನು ಬಿಟ್ಟುಕೊಟ್ಟುದನ್ನು ಹೇಳುವ ೧೬೬೯ರ ಶಾಸನವು ಅಲ್ಲಿದೆ. ಹೀಗೆ ಎರಡೂ ಹೊಸ ನೆಲಗಳಲ್ಲ. ಹಳ್ಳಿಗಳ ಹೊಲ ತೋಟಗಳ ಮೇಲೆ ದಾರ ಹಿಡಿದು ಎಳೆದ ಹೊಸ ಗೆರೆಗಳು.

ಗೆರೆಗಳಂತೂ ಹೊಸವೇ. ಪೇಟೆಯ ಓಣಿಗಳು ನಡೆದವನ ಕಾಲಿನಂತೆ ಬಾಗಿ ಬಳುಕಿದರೆ ಇಲ್ಲಿಯ ಬೀದಿಗಳು ನೇರವಾಗಿ ಒಂದನ್ನೊಂದು ಅಡ್ಡಹಾಯ್ದುವು. ಮನೆಗೂ ಮನೆಗೂ ನಡುವೆ ಗಾಳಿ ಆಡುವಷ್ಟು ಎಡೆ, ಮುಂದೆ ಗಿಡ ನೆಡುವಷ್ಟು ಅಂಗಳ, ಹಿಂದೆ ಕಸ ಮತ್ತು ಮಲವನ್ನು ಸಾಗಿಸುವುದಕ್ಕೆಂದೇ ಬಿಟ್ಟ ಕಿರಿದಾದ ಓಣಿ. ರೋಗವು ಕೆಟ್ಟ ಗಾಳಿಯಿಂದಲೂ ತೇವದಿಂದಲೂ ಹುಟ್ಟುತ್ತದೆಂಬ ನಂಬಿಕೆಯು ಇನ್ನೂ ಬಲವಾಗಿದ್ದ ಕಾಲವದು. ಆದುದರಿಂದ ಗಾಳಿ ಬೆಳಕುಗಳಿಗೆ ಮೊದಲ ಸ್ಥಾನ ದೊರೆಯಿತು. ನಿವೇಶನಗಳನ್ನು ಹಂಚುವಾಗ ಜಾತಿ ಮತಗಳಿಗೆ ಅನುಸಾರವಾಗಿ ಬೇರೆಬೇರೆ ಭಾಗಗಳನ್ನು ಗೊತ್ತುಮಾಡಿದುದರಿಂದ, ಹಳೆಯ ಪೇಟೆಯ ಕುಲದ ಬೀದಿಯು ಹೊಸ ನಕ್ಷೆಯಲ್ಲಿಯೂ ಉಳಿದುಕೊಂಡಿತು.

ಇನ್ನು ಇವೆರಡರ ತೂಕ. ತ್ಯಾಮಗೊಂಡ್ಲಿನ ಕಡೆಯಿಂದ ಬಂದು ತರಗುಪೇಟೆಯಲ್ಲಿ ಧಾನ್ಯದ ಮಂಡಿ ಇಟ್ಟಿರುವ ಗೃಹಸ್ಥನೊಬ್ಬನನ್ನು ಊಹಿಸಿಕೊಂಡು ಈ ಪ್ರಶ್ನೆಯನ್ನು ನೋಡಬಹುದು. ಅವನಿಗೆ ಮೊದಲನೆಯ ವಿಷಯವು ದೂರ. ಮುಂದೆ ೧೯೨೧ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಯು ಎದ್ದ ಜಾಗದಿಂದ ಅಳೆದರೆ ಬಸವನಗುಡಿಯ ನಡುವಿಗೆ ಸುಮಾರು ಒಂದೂವರೆ ಮೈಲಿ, ಮಲ್ಲೇಶ್ವರದ ನಡುವಿಗೆ ಸುಮಾರು ಎರಡೂವರೆ ಮೈಲಿ. ಊರೊಳಗೆ ಬಸ್ಸುಗಳ ಕಂಪನಿಯು ವ್ಯವಸ್ಥಿತವಾಗಿ ಓಡಲು ತೊಡಗಿದುದು ೧೯೪೦ರಲ್ಲಿ. ಅದಕ್ಕೆ ಮೊದಲು ಇದ್ದುದು ಕಾಲು, ಜಟಕಾ, ಆಮೇಲೆ ಬೈಸಿಕಲ್ಲು. ಬೆಳಗ್ಗೆ ಮಂಡಿಗೆ ಹೋಗಿ ಮಧ್ಯಾಹ್ನ ಊಟಕ್ಕೆ ಬಂದು ಮತ್ತೆ ಹೋಗುವವನಿಗೆ ದಿನಕ್ಕೆ ಒಂದು ಮೈಲಿಯ ವ್ಯತ್ಯಾಸವು ನಾಲ್ಕು ಮೈಲಿಯಾಗುತ್ತದೆ. ಆದುದರಿಂದ ಪೇಟೆಯಲ್ಲಿ ಜೀವನವಿದ್ದವನಿಗೆ ಬಸವನಗುಡಿಯೇ ಮೇಲು.

ಎರಡನೆಯದು ಊರಿನ ದಾರಿ. ಹೆತ್ತವರೂ ಹೊಲಮನೆಯೂ ತ್ಯಾಮಗೊಂಡ್ಲಿನಲ್ಲಿ ಇರುವವರೆಗೆ ಹಬ್ಬಕ್ಕೆ, ಮದುವೆಗೆ, ಸಾವಿಗೆ, ಸುಗ್ಗಿಗೆ ಹೋಗಿಬರುವುದು ತಪ್ಪದು. ತುಮಕೂರಿನ ರಸ್ತೆಯೂ ರೈಲುದಾರಿಯೂ ಯಶವಂತಪುರದ ಮೂಲಕ ಮಲ್ಲೇಶ್ವರದ ಪಕ್ಕದಲ್ಲಿಯೇ ಊರನ್ನು ಹೊಗುತ್ತವೆ. ರಾಗಿಯ ಮೂಟೆಯನ್ನೂ ಮಜ್ಜಿಗೆಯ ಗಡಿಗೆಯನ್ನೂ ಹೊತ್ತು ಬರುವ ನೆಂಟನು ಪೇಟೆಯನ್ನು ದಾಟಿ ದಕ್ಷಿಣಕ್ಕೆ ಹೋಗಬೇಕಾದ ಪ್ರಮೇಯವಿಲ್ಲ. ಈ ದೃಷ್ಟಿಯಿಂದ ವಾಯವ್ಯದ ತಾಲ್ಲೂಕುಗಳ ಜನರಿಗೆ ಮಲ್ಲೇಶ್ವರವು ತಮ್ಮ ಸೀಮೆಯ ಕೊನೆಯ ಮನೆಯಂತೆ ತೋರುತ್ತಿತ್ತು. ಬಸವನಗುಡಿಯು ಕನಕಪುರ, ಆನೇಕಲ್ಲುಗಳ ಕಡೆಯ ಬಾಗಿಲು.

ಮೂರನೆಯದು ನೀರು. ಹಳೆಯ ಬೆಂಗಳೂರು ಧರ್ಮಾಂಬುಧಿ, ಸಂಪಂಗಿ, ಕಾರಂಜಿ, ಕೆಂಪಾಂಬುಧಿ ಮೊದಲಾದ ಕೆರೆಗಳನ್ನೂ ಬಾವಿಗಳನ್ನೂ ನಂಬಿದ್ದ ಊರು. ಅರ್ಕಾವತಿಯ ಹೆಸರುಘಟ್ಟದ ಕೆರೆಯಿಂದ ಕೊಳಾಯಿಯ ನೀರು ನಗರಕ್ಕೆ ಬಂದುದು ೧೮೯೬ರಲ್ಲಿ, ಪ್ಲೇಗಿಗೆ ಎರಡೇ ವರ್ಷ ಮೊದಲು. ಆ ನೀರು ಬಂದುದೂ ವಾಯವ್ಯದಿಂದಲೇ. ಮಲ್ಲೇಶ್ವರದ ಪಕ್ಕದಲ್ಲಿ ೧೮೮೨ರ ಸ್ಯಾಂಕಿ ಕೆರೆಯೂ ಇದ್ದಿತು. ಬಸವನಗುಡಿಯು ಕಹಳೆ ಬಂಡೆಯ ಏರಿನ ಮೇಲೆ, ಕಲ್ಲುನೆಲದಲ್ಲಿ ನಿಂತ ಬಡಾವಣೆ. ಅದಕ್ಕೆ ಒಣಗಾಳಿಯ ಲಾಭವಿದ್ದಿತು. ಬಾವಿ ತೋಡುವವನಿಗೆ ಬಂಡೆಯ ತೊಡಕೂ ಇದ್ದಿತು.

ನಾಲ್ಕನೆಯದು ವಿದ್ಯೆ. ಇದು ಕಾಲದೊಡನೆ ಬದಲಾದ ವಿಷಯ. ಮೊದಮೊದಲು ಸೆಂಟ್ರಲ್ ಕಾಲೇಜಿಗೆ ಹೋಗುವವರಿಗೆ ಮಲ್ಲೇಶ್ವರವು ಹತ್ತಿರವಾಗಿತ್ತು. ೧೯೧೧ರಲ್ಲಿ ಪಾಠಗಳು ಆರಂಭವಾದ ಟಾಟಾ ವಿಜ್ಞಾನಮಂದಿರವೂ ಆ ಕಡೆಗೇ ಬಂದಿತು. ದಕ್ಷಿಣದಲ್ಲಿ ಆನಿ ಬೆಸೆಂಟರ ಪ್ರೇರಣೆಯಿಂದ ೧೯೧೭ರಲ್ಲಿ ನ್ಯಾಷನಲ್ ಹೈಸ್ಕೂಲು ಹುಟ್ಟಿತು. ಅದಕ್ಕೂ ಮೊದಲು, ೧೯೧೫ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತು ಮುಂದೆ ಚಾಮರಾಜಪೇಟೆಯಲ್ಲಿ ತನ್ನ ಮನೆಯನ್ನು ಕಟ್ಟಿಕೊಂಡಿತು. ೧೯೪೫ರಲ್ಲಿ ಡಿ. ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ನೆಲೆ ಬಸವನಗುಡಿಯ ರಸ್ತೆಯಲ್ಲಿಯೇ. ಹೀಗೆ ಒಂದು ಬಡಾವಣೆಗೆ ವಿಜ್ಞಾನವೂ ಕೈಗಾರಿಕೆಯೂ, ಇನ್ನೊಂದಕ್ಕೆ ಸಾಹಿತ್ಯವೂ ಸಾರ್ವಜನಿಕ ಚರ್ಚೆಯೂ ನೆರೆಯಾದುವು. ಇದು ಯಾರೂ ನಕ್ಷೆಯಲ್ಲಿ ಬರೆದುದಲ್ಲ. ಮೊದಲು ನೆಲಸಿದವರ ಅಭಿರುಚಿಯು ಅನಂತರ ಬಂದವರನ್ನು ಆರಿಸಿಕೊಂಡಿತು.

೫

ಆದರೆ ಈ ನಾಲ್ಕು ತೂಕಗಳನ್ನೂ ಮೀರಿದ ಸಂಗತಿಯೊಂದಿದೆ. ಅದು ಅಂದಿನ ಗೃಹಸ್ಥರಿಗೆ ಪೂರ್ತಿಯಾಗಿ ತಿಳಿದಿರಲಿಲ್ಲ. ಪ್ಲೇಗಿನ ಕ್ರಿಮಿಯನ್ನು ಯೆರ್ಸಿನ್ ಎಂಬ ವಿಜ್ಞಾನಿಯು ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದನು. ಇಲಿಯ ಮೈಮೇಲಿನ ಚಿಗಟವು ಅದನ್ನು ಮನುಷ್ಯನಿಗೆ ತರುತ್ತದೆಂಬುದನ್ನು ಸಿಮೊಂಡ್ ಎಂಬವನು ೧೮೯೮ರಲ್ಲಿ, ಎಂದರೆ ಬೆಂಗಳೂರಿಗೆ ರೋಗ ಬಂದ ವರ್ಷದಲ್ಲಿಯೇ, ಕರಾಚಿಯಲ್ಲಿ ತೋರಿಸಿದನು. ಪಂಡಿತರು ಅದನ್ನು ಒಪ್ಪಲು ಇನ್ನೂ ಕೆಲವು ವರ್ಷಗಳು ಹಿಡಿದುವು. ಇಲಿ ಇರುವುದು ಎಲ್ಲಿ? ಧಾನ್ಯವಿರುವಲ್ಲಿ. ತ್ಯಾಮಗೊಂಡ್ಲಿನ ವರ್ತಕನ ಐಶ್ವರ್ಯವೇ ಇಲಿಯ ಆಹಾರ. ಮಂಡಿಯ ಹಿಂದೆ ಮಲಗುವ ಮಗುವಿಗೂ ಉಗ್ರಾಣದ ಇಲಿಗೂ ನಡುವೆ ಒಂದು ಮಣ್ಣಿನ ಗೋಡೆಯಷ್ಟೇ ಅಂತರ.

ಆದುದರಿಂದ ಬಸವನಗುಡಿಗೆ ಹೋದವನನ್ನೂ ಮಲ್ಲೇಶ್ವರಕ್ಕೆ ಹೋದವನನ್ನೂ ಉಳಿಸಿದುದು ಅಲ್ಲಿಯ ಅಗಲವಾದ ಬೀದಿಯೂ ಅಲ್ಲ, ಏರಿನ ಮೇಲಿನ ಗಾಳಿಯೂ ಅಲ್ಲ. ಸಂಸಾರವು ಧಾನ್ಯದ ರಾಶಿಯಿಂದ ಬೇರೆಯಾದುದೇ ನಿಜವಾದ ರಕ್ಷೆ. ಅಂಗಡಿ ಒಂದೆಡೆ, ಮನೆ ಇನ್ನೊಂದೆಡೆ ಎಂಬ ಏರ್ಪಾಡು ಇಂದಿನವರಿಗೆ ಸಹಜವಾಗಿ ತೋರುತ್ತದೆ. ಪೇಟೆಯ ವರ್ತಕನಿಗೆ ಅದು ತಲೆಕೆಳಗಾದ ವ್ಯವಸ್ಥೆ. ರಾತ್ರಿ ಅಂಗಡಿಯನ್ನು ಯಾರು ಕಾಯುವರು? ಹೆಂಡತಿಯು ಹಿಟ್ಟಿನ ಲೆಕ್ಕವನ್ನೂ ಮಗನು ತಕ್ಕಡಿಯ ಲೆಕ್ಕವನ್ನೂ ಒಂದೇ ಸೂರಿನಡಿ ಕಲಿಯುತ್ತಿದ್ದ ಪದ್ಧತಿ ಏನಾಗಬೇಕು? ಮನೆಯು ಬಡಾವಣೆಗೆ ಹೋದ ಮೇಲೆ ಮಗನು ತಕ್ಕಡಿಗೆ ಬದಲಾಗಿ ಪುಸ್ತಕವನ್ನು ಹಿಡಿದನು. ಒಂದು ತಲೆಮಾರಿನಲ್ಲಿ ವರ್ತಕನ ಮನೆಯಿಂದ ಗುಮಾಸ್ತನೂ ವಕೀಲನೂ ಉಪಾಧ್ಯಾಯನೂ ಹೊರಟರು. ಹೆಂಗಸರಿಗೆ ಅಂಗಡಿಯ ವ್ಯವಹಾರವು ಕಣ್ಣಿಗೆ ಮರೆಯಾಯಿತು. ಎರಡು ಬಡಾವಣೆಗಳಲ್ಲಿ ಯಾವುದನ್ನು ಆರಿಸಿದರೂ ಈ ಬದಲಾವಣೆಯು ಒಂದೇ. ಬಸವನಗುಡಿಯೋ ಮಲ್ಲೇಶ್ವರವೋ ಎಂದು ಮನೆಯವರು ವಾದಿಸುತ್ತಿದ್ದಾಗ, ಅದಕ್ಕಿಂತ ದೊಡ್ಡ ತೀರ್ಮಾನವು ಸದ್ದಿಲ್ಲದೆ ಆಗಿಹೋಗಿತ್ತು.

ಈ ರಕ್ಷೆಯು ಎಲ್ಲರಿಗೂ ದೊರೆಯಲಿಲ್ಲವೆಂಬುದನ್ನು ಮರೆಯಬಾರದು. ನಿವೇಶನಕ್ಕೆ ಹಣ ಕಟ್ಟಿ, ಗೊತ್ತುಮಾಡಿದ ರೀತಿಯಲ್ಲಿ ಮನೆ ಕಟ್ಟಿಸಿ, ಪ್ರತಿದಿನ ಜಟಕಾಕ್ಕೆ ಕೊಡಬಲ್ಲವನು ಹೋದನು. ಅವನ ಮಂಡಿಯಲ್ಲಿ ಮೂಟೆ ಹೊರುವ ಹಮಾಲಿ, ಕಾಳು ಕೇರುವ ಹೆಂಗಸು, ಗಾಡಿ ಹೊಡೆಯುವ ಆಳು ಆ ಧಾನ್ಯದ ನಡುವೆಯೇ ಉಳಿದರು. ಹೊಸ ಬಡಾವಣೆಯಲ್ಲಿಯೂ ಮುಂದಿನ ಬೀದಿಯು ಒಬ್ಬರದು, ಹಿಂದಿನ ಓಣಿಯು ಮತ್ತೊಬ್ಬರದು. ಆ ಓಣಿಯಲ್ಲಿ ತಲೆಯ ಮೇಲೆ ಮಲವನ್ನು ಹೊತ್ತು ನಡೆದವರಿಗೆ ಆ ಬಡಾವಣೆಯ ನಕ್ಷೆಯಲ್ಲಿ ಮನೆಯಿರಲಿಲ್ಲ, ದಾರಿಯಷ್ಟೇ ಇದ್ದಿತು. ರೋಗಕ್ಕೆ ಹೆದರಿ ಊರಿನವರೆಲ್ಲ ಒಟ್ಟಿಗೆ ಹೊಲಕ್ಕೆ ಹೋಗಿ ಗುಡಿಸಲು ಹಾಕಿದ ಹಳ್ಳಿಯ ಉಪಾಯಕ್ಕೂ, ಉಳ್ಳವರು ಮಾತ್ರ ಹೊರಬಿದ್ದ ನಗರದ ಉಪಾಯಕ್ಕೂ ಇರುವ ಭೇದವು ಇಲ್ಲಿ ಕಾಣುತ್ತದೆ. ಹಳ್ಳಿಯಲ್ಲಿಯೂ ಗುಡಿಸಲುಗಳ ನಡುವೆ ಕುಲದ ಅಂತರವಿದ್ದಿತು, ನಿಜ. ಆದರೆ ಊರು ಬಿಡುವುದಕ್ಕೆ ಹಣ ಕಟ್ಟಬೇಕಾಗಿರಲಿಲ್ಲ.

೬

ಐವತ್ತು ವರ್ಷಗಳ ಅನಂತರ ಇದೇ ಪ್ರಶ್ನೆಯು ಬೇರೆ ಹೆಸರುಗಳಿಂದ ಹಿಂದಿರುಗಿತು. ೧೯೪೫ರಲ್ಲಿ ನಗರಾಭಿವೃದ್ಧಿಯ ಟ್ರಸ್ಟ್ ಬೋರ್ಡು ಏರ್ಪಟ್ಟಿತು. ೧೯೪೮ರ ಆಗಸ್ಟ್ ೨೦ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ದಕ್ಷಿಣದಲ್ಲಿ ಜಯನಗರಕ್ಕೆ ಅಸ್ತಿಭಾರವನ್ನಿಟ್ಟರು. ಮರುವರ್ಷ ಅವರ ಹೆಸರಿನಲ್ಲಿಯೇ ಪಶ್ಚಿಮದಲ್ಲಿ ರಾಜಾಜಿನಗರವು ಆರಂಭವಾಯಿತು. ೧೯೪೯ರಲ್ಲಿಯೇ ನಗರವೂ ದಂಡೂ ಸೇರಿ ಒಂದು ಕಾರ್ಪೊರೇಷನ್ ಆದುವು. ಜಯನಗರವು ಬಸವನಗುಡಿಯ ಮುಂದುವರಿಕೆ. ರಾಜಾಜಿನಗರವು ಮಲ್ಲೇಶ್ವರಕ್ಕೆ ಪಕ್ಕದ್ದು, ಕೈಗಾರಿಕೆಗಳಿಗೂ ತುಮಕೂರಿನ ರಸ್ತೆಗೂ ಸಮೀಪವಾದುದು. ಆ ಹೊತ್ತಿಗೆ ಪ್ಲೇಗು ಹಳೆಯ ಮಾತಾಗಿತ್ತು. ಈಗ ನೂಕುತ್ತಿದ್ದುದು ಉದ್ಯೋಗ. ಜಾಲಹಳ್ಳಿಯಲ್ಲಿ ೧೯೫೦ರ ದಶಕದಲ್ಲಿ ಎದ್ದ ಸರ್ಕಾರಿ ಕಾರ್ಖಾನೆಗಳೂ, ೧೯೭೦ರ ದಶಕದ ಕೊನೆಯಿಂದ ಬೆಳೆದ ಪೀಣ್ಯದ ಕೈಗಾರಿಕಾ ಪ್ರದೇಶವೂ ನೆಲಮಂಗಲ ತಾಲ್ಲೂಕಿನ ಯುವಕರನ್ನು ಸೆಳೆದುವು. ತಾತನು ತರಗುಪೇಟೆಯನ್ನು ನೋಡಿ ಬಸವನಗುಡಿಯನ್ನು ತೂಗಿದರೆ, ಮೊಮ್ಮಗನು ಕಾರ್ಖಾನೆಯ ಬಾಗಿಲನ್ನು ನೋಡಿ ರಾಜಾಜಿನಗರವನ್ನೋ ದಾಸರಹಳ್ಳಿಯನ್ನೋ ತೂಗಿದನು. ಜೀವನೋಪಾಯವು ದಿಕ್ಕು ಬದಲಿಸಿದೊಡನೆ ತಕ್ಕಡಿಯ ಮುಳ್ಳೂ ಬದಲಾಯಿತು.

ಈಗಿನ ಸಂಗತಿಯು ಇನ್ನೂ ವಿಚಿತ್ರವಾದುದು. ಮೆಟ್ರೋ ರೈಲಿನ ಹಸಿರು ಮಾರ್ಗವು ೨೦೧೪ರಲ್ಲಿ ಮಲ್ಲೇಶ್ವರವನ್ನೂ, ೨೦೧೭ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜನ್ನೂ ಜಯನಗರವನ್ನೂ, ೨೦೨೪ರ ನವೆಂಬರಿನಲ್ಲಿ ತುಮಕೂರು ರಸ್ತೆಯ ಮಾದಾವರವನ್ನೂ ಮುಟ್ಟಿತು. ಒಂದು ಕಾಲಕ್ಕೆ ಇದೋ ಅದೋ ಎಂದು ಮನೆತನಗಳು ತಲೆಕೆಡಿಸಿಕೊಂಡ ಎರಡು ಬಡಾವಣೆಗಳು ಇಂದು ಒಂದೇ ದಾರದ ಮೇಲಿನ ಎರಡು ಮಣಿಗಳು. ಆ ದಾರದ ತುದಿಯು ನೆಲಮಂಗಲದ ಕಡೆಗೆ ಚಾಚಿದೆ. ಹಿಂದೆ ತ್ಯಾಮಗೊಂಡ್ಲಿನವನು ನಗರದ ಬಡಾವಣೆಗಳನ್ನು ತೂಗುತ್ತಿದ್ದನು. ಈಗ ನಗರದವನು ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಸಾಲಾಗಿಟ್ಟು ತೂಗುತ್ತಾನೆ. ೧೯೮೬ರಲ್ಲಿ ಗ್ರಾಮಾಂತರವೆಂದು ಹೆಸರಿಟ್ಟು ನಗರದಿಂದ ಬೇರ್ಪಡಿಸಿದ ಜಿಲ್ಲೆಯು ನಗರದ ನೆರೆಯ ಬಡಾವಣೆಯಾಗುತ್ತಿದೆ.

ಈ ನಾಲ್ಕಕ್ಕೂ ಬೇರೆಬೇರೆ ಗುಣಗಳಿವೆ. ದೇವನಹಳ್ಳಿಗೆ ೨೦೦೮ರ ಮೇ ತಿಂಗಳಿನಲ್ಲಿ ತೆರೆದ ವಿಮಾನನಿಲ್ದಾಣದ ಬಲವಿದೆ. ಅದರೊಡನೆ ನೆಲದ ಬೆಲೆಯೂ ಏರಿದೆ. ದೊಡ್ಡಬಳ್ಳಾಪುರವು ಮಗ್ಗಗಳ ಊರು, ದುಡಿಮೆಯ ಹಳೆಯ ಅಭ್ಯಾಸವುಳ್ಳದ್ದು. ಹೊಸಕೋಟೆಯು ತನ್ನ ದೊಡ್ಡ ಕೆರೆಯೊಡನೆ ಕೋಲಾರದ ಹೆದ್ದಾರಿಯ ಮೇಲೆ ಕುಳಿತಿದೆ. ನೆಲಮಂಗಲದಲ್ಲಿ ತುಮಕೂರಿನ ಹೆದ್ದಾರಿಯೂ ಹಾಸನದ ಹೆದ್ದಾರಿಯೂ ಕವಲೊಡೆಯುತ್ತವೆ. ಅದರಾಚೆ ದಾಬಸ್‌ಪೇಟೆಯ ಕಾರ್ಖಾನೆಗಳಿವೆ. ತ್ಯಾಮಗೊಂಡ್ಲು ಹೆದ್ದಾರಿಯಿಂದ ಒಳಗೆ ಸರಿದು ನಿಂತಿದೆ. ರೈಲು ಬಂದಾಗ ಹೀಗೆ ಸರಿದಿದ್ದುದೇ ಅದರ ಪೇಟೆಗೆ ನಷ್ಟವಾಯಿತು. ಈಗ ನಗರವು ಬರುತ್ತಿರುವಾಗ ಅದು ಲಾಭವಾಗಬಹುದು, ಏಕೆಂದರೆ ಯೋಚಿಸಲು ಅದಕ್ಕೆ ಸ್ವಲ್ಪ ಕಾಲಾವಕಾಶ ದೊರೆತಿದೆ.

ಯೋಚಿಸಬೇಕಾದುದು ಮುಖ್ಯವಾಗಿ ನೀರಿನ ವಿಷಯ. ಬೆಂಗಳೂರಿನ ಬಡಾವಣೆಗಳಿಗೆ ಮೊದಲು ನೀರು ಕೊಟ್ಟ ಹೆಸರುಘಟ್ಟವು ಮೂವತ್ತು ವರ್ಷಗಳೊಳಗಾಗಿ ಸಾಲದಾಯಿತು. ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ, ಅರ್ಕಾವತಿಗೆ ಕುಮುದ್ವತಿಯು ಕೂಡುವಲ್ಲಿ, ಚಾಮರಾಜಸಾಗರವನ್ನು ಕಟ್ಟಬೇಕಾಯಿತು. ಕುಮುದ್ವತಿಯು ಹುಟ್ಟುವುದು ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ, ಅರ್ಕಾವತಿಯು ನಂದಿಯ ಬೆಟ್ಟಗಳಲ್ಲಿ ಹುಟ್ಟಿ ದೊಡ್ಡಬಳ್ಳಾಪುರವನ್ನು ಹಾಯ್ದು ಬರುತ್ತದೆ. ಎಂದರೆ ಬಸವನಗುಡಿಯ ಮತ್ತು ಮಲ್ಲೇಶ್ವರದ ಅಡಿಗೆಮನೆಗಳ ಕೊಡವನ್ನು ಬಹುಕಾಲ ತುಂಬಿಸಿದುದು ಈ ಗ್ರಾಮಾಂತರದ ಕೆರೆ ಹಳ್ಳಗಳೇ. ೧೯೭೪ರಲ್ಲಿ ಕಾವೇರಿಯ ನೀರು ನಗರಕ್ಕೆ ಏರಿ ಬಂದ ಮೇಲೆ ನಗರವು ಈ ಋಣವನ್ನು ಮರೆಯಿತು. ತಿಪ್ಪಗೊಂಡನಹಳ್ಳಿಗೆ ನೀರು ಹರಿಯುವ ಪ್ರದೇಶದಲ್ಲಿ ಕಟ್ಟಡಗಳಿಗೆ ೨೦೦೩ರಲ್ಲಿ ಸರ್ಕಾರವು ನಿರ್ಬಂಧಗಳನ್ನು ಹಾಕಬೇಕಾಗಿ ಬಂದುದು ಆ ಮರೆವಿಗೆ ಸಾಕ್ಷಿ. ಕಾವೇರಿಯು ಗ್ರಾಮಾಂತರದವರ ಪಾಲಿಗೆ ದೂರದ ನದಿ. ನಾಲ್ಕು ತಾಲ್ಲೂಕುಗಳೂ ಕೊಳವೆಬಾವಿಗಳನ್ನು ನಂಬಿವೆ. ನಾಲ್ಕರಲ್ಲಿಯೂ ಭೂಮಿಯೊಳಗಿನ ನೀರು ಮಳೆಯಿಂದ ತುಂಬುವುದಕ್ಕಿಂತ ಹೆಚ್ಚಾಗಿ ಮೇಲೆತ್ತಲ್ಪಡುತ್ತಿದೆಯೆಂದು ಸರ್ಕಾರದ ಅಂತರ್ಜಲದ ಅಂದಾಜುಗಳೇ ಹೇಳಿವೆ.

೭

ಚರಿತ್ರೆಯು ಭವಿಷ್ಯವನ್ನು ಹೇಳುವ ಶಾಸ್ತ್ರವಲ್ಲ. ಆದರೂ ೧೮೯೮ರ ಅನುಭವದಿಂದ ಇಂದು ನಿವೇಶನವನ್ನು ಅರಸುವವರು ಎರಡು ಮಾತುಗಳನ್ನು ಕಲಿಯಬಹುದು. ಮೊದಲನೆಯದು: ನೆರೆಯ ಬಡಾವಣೆಗಳನ್ನು ಹೋಲಿಸುವಾಗ ಕಣ್ಣಿಗೆ ಕಾಣುವ ಗುಣಗಳು ಒಂದು, ನಿಜವಾಗಿ ಕಾಯುವ ಗುಣವು ಇನ್ನೊಂದು ಆಗಿರುವುದುಂಟು. ಅಂದಿನವರು ಗಾಳಿಯನ್ನು ನೋಡಿದರು. ಕಾದುದು ಇಲಿಯಿಂದ ದೂರ ಸರಿದುದು. ಇಂದಿನವರು ರಸ್ತೆಯ ಅಗಲವನ್ನೂ ನಿಲ್ದಾಣದ ದೂರವನ್ನೂ ನೋಡುತ್ತಾರೆ. ಕಾಯಬೇಕಾದುದು ಕೆರೆಯ ಕೋಡಿ, ರಾಜಕಾಲುವೆ ಮತ್ತು ಬಾವಿಯ ಆಳ. ಬೆಂಗಳೂರಿನ ಧರ್ಮಾಂಬುಧಿ ಬಸ್ಸುನಿಲ್ದಾಣವಾಯಿತು, ಸಂಪಂಗಿ ಆಟದ ಬಯಲಾಯಿತು. ಮಳೆಗಾಲದಲ್ಲಿ ನಗರದ ತಗ್ಗಿನ ಬೀದಿಗಳು ತುಂಬುವಾಗ ಆ ಕೆರೆಗಳ ನೆನಪು ಬರುತ್ತದೆ. ನೆಲಮಂಗಲದ ಸೀಮೆಯಲ್ಲಿ ಕೆರೆಗಳು ಇನ್ನೂ ಕೆರೆಗಳಾಗಿಯೇ ಇರುವ ಊರುಗಳು ಉಳಿದಿವೆ. ಅಂತಹ ಊರಿನಲ್ಲಿ ನೆಲವನ್ನು ಕೊಳ್ಳುವವನು ಕೆರೆಯ ಮೇಲಣ ನೆಲವೋ ಕೆಳಗಣ ನೆಲವೋ ಎಂದು ಊರಿನ ನೀರುಗಂಟಿಯ ಮನೆತನದವರನ್ನು ಒಂದು ಸಲ ವಿಚಾರಿಸುವುದು ಲೇಸು.

ಎರಡನೆಯದು: ಒಬ್ಬನು ಹೊಸ ನೆಲೆಗೆ ಹೋದಾಗ ಅವನ ಹಿಂದೆ ಉಳಿದವರು ಯಾರು, ಅವನು ಹೋಗಿ ಸೇರಿದಲ್ಲಿ ಮೊದಲೇ ಇದ್ದವರು ಯಾರು ಎಂಬುದೂ ತೂಕಕ್ಕೆ ಸೇರಬೇಕು. ಸುಂಕೇನಹಳ್ಳಿಯ ಹೊಲಗಳಲ್ಲಿ ಬಸವನಗುಡಿ ಎದ್ದಾಗ ಆ ಹೊಲದವರು ಪರಿಷೆಯ ದಿನ ಕಡಲೆಕಾಯಿ ಮಾರುವವರಾಗಿ ಮಾತ್ರ ನಗರದ ನೆನಪಿನಲ್ಲಿ ಉಳಿದರು. ತ್ಯಾಮಗೊಂಡ್ಲಿನ ಸುತ್ತ ರಾಗಿ ಬೆಳೆಯುವ ನೆಲಕ್ಕೆ ನಾಳೆ ಅಳತೆಯ ಸರಪಳಿ ಬಂದಾಗ, ಅಲ್ಲಿಯ ಒಕ್ಕಲು ನಕ್ಷೆಯಲ್ಲಿ ಮುಂದಿನ ಬೀದಿಯವನಾಗುವನೋ ಹಿಂದಿನ ಓಣಿಯವನಾಗುವನೋ ಎಂಬುದು ಇನ್ನೂ ನಿರ್ಧಾರವಾಗಿಲ್ಲ. ಬಸವನಗುಡಿ ಮಲ್ಲೇಶ್ವರಗಳ ನಕ್ಷೆಯನ್ನು ಬರೆದವರಿಗೆ ಈ ಪ್ರಶ್ನೆಯನ್ನು ಕೇಳುವವರು ಇರಲಿಲ್ಲ. ಈಗಿನ ಊರಿನವರು ಗ್ರಾಮಸಭೆಯಲ್ಲಿ ಕುಳಿತು ಅದನ್ನು ಕೇಳಬಹುದು. ನಕ್ಷೆಗೆ ಗೆರೆ ಬೀಳುವುದಕ್ಕೆ ಮೊದಲೇ ಕೇಳಬೇಕು.